ರಶೀದಿ ನಂಬರ್ 4417

2019ರ ಜನವರಿ. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಶಿವಮೊಗ್ಗದ ದುರ್ಗಿಗುಡಿಯ ಹೋಟೆಲೊಂದರಲ್ಲಿ ಇಡ್ಲಿ ಮುರಿದು ಸಾಂಬಾರಿಗೆ ಅದ್ದುತ್ತಿದ್ದೆ. ಅಡಿಕೆ ಸೊಸೈಟಿ ಕಾರ್ಯದರ್ಶಿಗಳ ಫೋನು ಬಂತು.

"ತಮ್ಮಾ, ಕಂಪ್ಯೂಟರ್ ಬೆಳ್ಳಗಾಗಿದೆ."

"ಬೆಳ್ಳಗೆ ಅಂದ್ರೆ?"

"ಬೆಳ್ಳಗೆ ಅಂದ್ರೆ ಬೆಳ್ಳಗೇ. ಸುಣ್ಣ ಬಳಿದ ಗೋಡೆ ಇದ್ದ ಹಾಗೆ. ಎಂತ ಒತ್ತಿದ್ರೂ ಎಂತದೂ ಬರಲ್ಲ. ಹೊರಗೆ ಪಿಕಪ್ಪುಗಳು ಸಾಲಾಗಿ ನಿಂತಿದಾವೆ. ಚೀಲ ಇಳಿಸೋದಾ ಬೇಡ್ವಾ, ಅದನ್ನೊಂದು ಹೇಳು."

ಇಡ್ಲಿ ಅಲ್ಲೇ ಬಿಟ್ಟು ಎದ್ದೆ. ಆ ಸೊಸೈಟಿಗೆ 2013ರಲ್ಲಿ ಅಡಿಕೆ ದಾಸ್ತಾನಿನ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನೇ. ರೈತರು ಚೀಲ ತಂದು ಇಳಿಸಿದರೆ ತೂಕ ಹಾಕಿ, ಯಾವ ಜಾತಿಯ ಅಡಿಕೆ, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ನೋಡಿ ರಶೀದಿ ಕೊಡಬೇಕು. ಕೇಳಿದವರಿಗೆ ಮುಂಗಡ ಕೊಡಬೇಕು. ಟೆಂಡರಿನಲ್ಲಿ ಮಾರಾಟವಾದ ಮೇಲೆ ಮುಂಗಡ, ಬಡ್ಡಿ, ಹಮಾಲಿ ಎಲ್ಲ ಕಳೆದು ಪಟ್ಟಿ ಮಾಡಿ, ಉಳಿದದ್ದನ್ನು ಅವರ ಖಾತೆಗೆ ಹಾಕಬೇಕು. ಕೇಳೋಕೆ ಇಷ್ಟೇ. ಆದರೆ ಸುಗ್ಗಿಯಲ್ಲಿ ಇದು ಒಂದು ಗಂಟೆ ನಿಂತರೂ ಸೊಸೈಟಿ ಅಂಗಳದಲ್ಲಿ ನಿಂತವರ ಮುಖ ನೋಡೋಕಾಗಲ್ಲ.

ಆಫೀಸಿಗೆ ಬಂದು ನೋಡಿದರೆ, ಸರ್ವರ್ ಬಾಡಿಗೆಗೆ ಕೊಟ್ಟಿದ್ದ ಕಂಪನಿಯವರು ನಾನು ಪ್ರೋಗ್ರಾಮ್ ಬರೆದಿದ್ದ ಪಿಎಚ್‌ಪಿ ಭಾಷೆಯ 5.6 ಆವೃತ್ತಿಯನ್ನು ರಾತ್ರೋರಾತ್ರಿ ತೆಗೆದು 7 ಹಾಕಿದ್ದರು. ಅವರನ್ನು ಬೈಯೋಣ ಅಂದರೆ ಅವರದ್ದೇ ಸರಿ. 5.6ಕ್ಕೆ ಭದ್ರತೆಯ ತಿದ್ದುಪಡಿಗಳು ಬರೋದು 2018ರ ಡಿಸೆಂಬರ್ 31ಕ್ಕೇ ನಿಂತಿತ್ತು. ಮೂರು ಇಮೇಲ್ ಕಳಿಸಿದ್ದರು, ನಾನು ತೆರೆದಿರಲಿಲ್ಲ. ಲೆಕ್ಕವೆಲ್ಲ ಕೂಡಿಟ್ಟಿರೋ ಡೇಟಾಬೇಸಿನ ಜೊತೆ ಮಾತಾಡೋಕೆ ನಾನು ಬಳಸಿದ್ದ ಹಳೇ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಇನ್ನು ಬಳಸಬೇಡಿ ಅಂತ ಪಿಎಚ್‌ಪಿಯವರು ಹೇಳಿದ್ದು 2013ರಲ್ಲಿ, ಅಂದರೆ ನಾನು ಬರೀತಿದ್ದ ವರ್ಷವೇ. 2015ರ ಡಿಸೆಂಬರಿನಲ್ಲಿ ಬಂದ 7ರಲ್ಲಿ ಅವನ್ನು ಬೇರುಸಮೇತ ಕಿತ್ತು ಹಾಕಿದ್ದರು. ನನ್ನ ಪ್ರೋಗ್ರಾಮಿನಲ್ಲಿ ಆ ಫಂಕ್ಷನ್ 214 ಕಡೆ ಕೂತಿತ್ತು. ಹುಡುಕಿ ಎಣಿಸಿದ್ದೇನೆ, ಹಾಗಾಗಿ ಇವತ್ತಿಗೂ ಮರೆತಿಲ್ಲ.

ಆವತ್ತು ಸೊಸೈಟಿಯವರು ಅಟ್ಟದ ಮೇಲಿದ್ದ ಕಾರ್ಬನ್ ರಶೀದಿ ಪುಸ್ತಕ ಇಳಿಸಿದರು. ನಾನು ಎರಡು ರಾತ್ರಿ ಕೂತು 214 ಕಡೆಯೂ ತಿದ್ದಿದೆ. ಮೂರನೇ ದಿನ ಕೈಬರಹದ ರಶೀದಿಗಳನ್ನೆಲ್ಲ ಮತ್ತೆ ಕಂಪ್ಯೂಟರಿಗೆ ಹಾಕುತ್ತಾ ಕೂತಿದ್ದಾಗ, ಈ ಪ್ರೋಗ್ರಾಮನ್ನು ಮಳೆಗಾಲದಲ್ಲಿ ಹೊಸದಾಗಿ ಬರೀತೀನಿ, ಈ ಸಲ ಫ್ರೇಮ್‌ವರ್ಕ್, ಅಂದರೆ ಪ್ರತಿ ಪ್ರೋಗ್ರಾಮಿಗೂ ಬೇಕಾಗೋ ಕೆಲಸಗಳನ್ನು ಯಾರೋ ಮೊದಲೇ ಬರೆದಿಟ್ಟಿರೋ ಅಡಿಪಾಯ, ಹಾಕಿ ಬರೀತೀನಿ ಅಂತ ತೀರ್ಮಾನ ಮಾಡಿದೆ.

ಇದನ್ನು ಈಗ ಯಾಕೆ ಬರೆಯೋಕೆ ಕೂತೆ ಅಂದರೆ, ಮೊನ್ನೆ ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ಹುಡುಗರು ಪ್ರಾಜೆಕ್ಟಿಗೆ ಸಲಹೆ ಕೇಳೋಕೆ ಆಫೀಸಿಗೆ ಬಂದಿದ್ದರು. "ಸರ್, ಫ್ರೇಮ್‌ವರ್ಕ್ ಯಾಕೆ? ಎಲ್ಲಾ ನಾವೇ ಬರೆದರೆ ಜಾಸ್ತಿ ಕಲಿಯಬಹುದಲ್ಲ?" ಅಂತ ಒಬ್ಬ ಕೇಳಿದ. "ಬೇಗ ಆಗುತ್ತಪ್ಪ" ಅಂದುಬಿಟ್ಟೆ. ಅವರು ಮೆಟ್ಟಿಲು ಇಳಿದ ಮೇಲೆ ಅನ್ನಿಸಿತು, ಅದು ಸುಳ್ಳು. ನನಗಂತೂ ಬೇಗ ಆಗಿರಲಿಲ್ಲ.

ಹಳೇ ಪ್ರೋಗ್ರಾಮಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದರಲ್ಲಿ 63 ಫೈಲುಗಳಿದ್ದವು. ಸೇವ್, ಸೇವ್2, ಸೇವ್ ಹೊಸದು, ಸೇವ್ ಹೊಸದು ಸರಿಯಾದದ್ದು ಅಂತ ನಾಲ್ಕು ಫೈಲು. ನಾಲ್ಕೂ ಎಲ್ಲೋ ಒಂದು ಕಡೆ ಬಳಕೆಯಲ್ಲಿದ್ದವು, ಯಾವುದನ್ನೂ ಅಳಿಸುವಂತಿರಲಿಲ್ಲ. ಬಡ್ಡಿ ಲೆಕ್ಕ ಮೂರು ಕಡೆ ಇತ್ತು. ಎರಡು ಕಡೆ ವರ್ಷಕ್ಕೆ 365 ದಿನ, ಒಂದು ಕಡೆ 360. ಯಾಕೆ ಅಂತ ಆಗಲೂ ಗೊತ್ತಿರಲಿಲ್ಲ. ಆದರೆ ಬರೆಯುವಾಗ ನನಗಿದ್ದ ಜಂಭ ಹೇಳತೀರದು. ಎಲ್ಲಾ ಸ್ವಂತದ್ದು, ಯಾರದ್ದೂ ಹಂಗಿಲ್ಲ ಅಂತ ಗೆಳೆಯರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ.

ಮೊದಲ ಪೆಟ್ಟು ಕೊಟ್ಟಿದ್ದು ಡಿಸೋಜ ಅನ್ನೋ ಅಡ್ಡಹೆಸರು. ನಮ್ಮ ಕಡೆ ಆ ಹೆಸರಿನ ಮನೆಗಳು ಬೇಕಾದಷ್ಟಿವೆ. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಆದ ಮೇಲೆ ಮೇಲುಗಡೆ ಒಂದು ಪುಟ್ಟ ಕೊಕ್ಕೆ ಬರುತ್ತಲ್ಲ, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಅದೇ ಕೊಕ್ಕೆಗೆ 'ಹೆಸರು ಇಲ್ಲಿಗೆ ಮುಗಿಯಿತು' ಅಂತ ಅರ್ಥ. ನಾನು ಹೆಸರನ್ನೂ ಆಜ್ಞೆಯನ್ನೂ ಒಂದೇ ದಾರದಲ್ಲಿ ಪೋಣಿಸಿ ಕಳಿಸುತ್ತಿದ್ದೆ. ಡೇಟಾಬೇಸು ಡಿ ಅಂತ ಓದಿ ಹೆಸರು ಮುಗಿಯಿತು ಅಂದುಕೊಂಡು, ಉಳಿದ 'ಸೋಜ'ವನ್ನು ಆಜ್ಞೆ ಅಂತ ತಿಳಿದು ತಲೆ ಕೆಡಿಸಿಕೊಂಡು ನಿಂತುಬಿಡುತ್ತಿತ್ತು. ನಾನು ಮಾಡಿದ ಪರಿಹಾರ ಕೇಳಿ: ಕೌಂಟರಿನಲ್ಲಿದ್ದ ಗುಮಾಸ್ತರಿಗೆ ಫೋನ್ ಮಾಡಿ "ಆ ಕೊಕ್ಕೆ ಹಾಕಬೇಡಿ" ಅಂದೆ. ಆರು ವರ್ಷ ಅವರು ಹಾಕಲಿಲ್ಲ. ಅದೇ ತೂತಿನಲ್ಲಿ ಕೈ ಹಾಕಿ ಯಾರು ಬೇಕಾದರೂ ಇಡೀ ಸೊಸೈಟಿಯ ಲೆಕ್ಕ ಅಳಿಸಬಹುದಿತ್ತು ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನೋ ಪದ ಕಾಲೇಜಿನಲ್ಲಿ ಕೇಳಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ.

ಎರಡನೇದು ರಶೀದಿ ನಂಬರ್ 4417. ಪ್ರತಿ ಏಪ್ರಿಲ್ ಒಂದಕ್ಕೆ ರಶೀದಿ ಮತ್ತೆ 1ರಿಂದ ಶುರುವಾಗಬೇಕು ಅಂತ ಸೊಸೈಟಿಯ ನಿಯಮ. ನಾನು ಸುಲಭದ ದಾರಿ ಹಿಡಿದಿದ್ದೆ: ಈ ವರ್ಷದ ಕೊನೇ ನಂಬರ್ ನೋಡು, 1 ಕೂಡಿಸು, ಬರೆ. ಒಂದು ಕೌಂಟರ್ ಇದ್ದಾಗ ಏನೂ ತೊಂದರೆ ಆಗಲಿಲ್ಲ. ಸುಗ್ಗಿಯಲ್ಲಿ ಎರಡನೇ ಕೌಂಟರ್ ತೆರೆದರು. ಒಂದು ಮಧ್ಯಾಹ್ನ ಇಬ್ಬರು ಗುಮಾಸ್ತರೂ ಒಂದೇ ಸೆಕೆಂಡಿನಲ್ಲಿ ಬಟನ್ ಒತ್ತಿದ್ದಾರೆ. ಇಬ್ಬರಿಗೂ ಕೊನೇ ನಂಬರ್ 4416 ಅಂತ ಕಂಡಿದೆ. ಒಬ್ಬ ರೈತರದ್ದು ಆರು ಚೀಲ ರಾಶಿ, ಇನ್ನೊಬ್ಬರದ್ದು ಎರಡು ಚೀಲ ಗೊರಬಲು, ಎರಡಕ್ಕೂ 4417. ನಾಲ್ಕು ತಿಂಗಳ ಮೇಲೆ ಪಟ್ಟಿ ಮಾಡುವಾಗ ಎರಡು ಚೀಲದವರ ಲೆಕ್ಕಕ್ಕೆ ಆರು ಚೀಲದ ದುಡ್ಡು ಬಂತು. ಆ ಪುಣ್ಯಾತ್ಮರು ತಾವಾಗೇ ಸೊಸೈಟಿಗೆ ಬಂದು "ಇದೆಂತದು, ನಂದು ಇಷ್ಟಾಗಲ್ಲ ಮಾರಾಯ್ರೆ" ಅಂತ ಪಟ್ಟಿ ಮೇಜಿನ ಮೇಲಿಟ್ಟರು. ಅವರು ಬರದೇ ಇದ್ದಿದ್ದರೆ ನಾನು ಈಗ ಬೇರೆ ಉದ್ಯೋಗ ಮಾಡುತ್ತಿದ್ದೆನೇನೋ.

ಲೆಕ್ಕಪರಿಶೋಧಕರು ಎರಡು ದಿನ ಹುಡುಕಿದ 3 ರೂಪಾಯಿ 40 ಪೈಸೆಯ ಕಥೆಯೂ ಇದೆ. ದುಡ್ಡನ್ನು ದಶಮಾಂಶದ ಲೆಕ್ಕದಲ್ಲಿ ಇಡುವ ಬದಲು ಫ್ಲೋಟ್ ಅಂತ, ಅಂದರೆ ಅಂದಾಜಿನಲ್ಲಿ ನಿಲ್ಲುವ ಸಂಖ್ಯೆಯಾಗಿ, ಇಟ್ಟಿದ್ದೆ. ಕಂಪ್ಯೂಟರಿಗೆ 0.1 ಮತ್ತು 0.2 ಫ್ಲೋಟಿನಲ್ಲಿ ಕೊಟ್ಟು ಕೂಡಿಸು ಅಂದರೆ 0.30000000000000004 ಅನ್ನುತ್ತೆ. ಸಾವಿರಾರು ಪಟ್ಟಿಗಳಲ್ಲಿ ಈ ಚೂರುಪಾರು ಸೇರಿಕೊಂಡು ರೂಪಾಯಿ ಆಗಿತ್ತು.

ಇವೆಲ್ಲಕ್ಕಿಂತ ನನಗೆ ನಾಚಿಕೆಯಾಗೋದು ಬೇರೆ ವಿಷಯಕ್ಕೆ. 2017ರಲ್ಲಿ ಸಹಾಯಕ್ಕೆ ಅಂತ ಭದ್ರಾವತಿಯ ಹುಡುಗನೊಬ್ಬನನ್ನು ಸೇರಿಸಿಕೊಂಡಿದ್ದೆ. ಚುರುಕಿನ ಹುಡುಗ. ಮೂರು ವಾರ ಆ 63 ಫೈಲಿನ ಕಾಡಿನಲ್ಲಿ ಅಲೆದ. ಏನು ಕೇಳಿದರೂ "ಅದು ಹಂಗಲ್ಲ, ಅದಕ್ಕೊಂದು ಕಾರಣ ಇದೆ" ಅಂತ ನಾನು ಪುರಾಣ ಶುರು ಮಾಡುತ್ತಿದ್ದೆ. ನಾಲ್ಕನೇ ವಾರ ಬೆಂಗಳೂರಿಗೆ ಹೋದ. ಅಲ್ಲಿ ಸಂಬಳ ಜಾಸ್ತಿ ಅಂತ ಹೋದ ಅಂದುಕೊಂಡಿದ್ದೆ. ಜಾಸ್ತಿಯೇ ಇತ್ತು, ನಿಜ. ಆದರೆ ಹೋಗುವಾಗ ಅವನು ಹೇಳಿದ್ದು, "ಇದು ನಿಮ್ಮ ತಲೆ ಒಳಗಿದೆ ಸರ್, ಕಂಪ್ಯೂಟರಲ್ಲಿ ಇಲ್ಲ."

ಇರಲಿ. 2019ರಲ್ಲಿ ನಾನು ಆರಿಸಿಕೊಂಡಿದ್ದು ಪೈಥಾನ್ ಭಾಷೆಯ ಜ್ಯಾಂಗೊ ಅನ್ನೋ ಫ್ರೇಮ್‌ವರ್ಕ್. ಪಿಎಚ್‌ಪಿ ಸೇರಲ್ಲ ಅಂತಲ್ಲ. ಅದಕ್ಕೂ ಲಾರಾವೆಲ್ ಅನ್ನೋ ಫ್ರೇಮ್‌ವರ್ಕ್ ಇತ್ತು, ಅದರಲ್ಲಿ ಬರೆದಿದ್ದರೂ ಈ ಕಥೆ ಹೆಚ್ಚುಕಮ್ಮಿ ಇದೇ ಆಗುತ್ತಿತ್ತು. ಪೈಥಾನ್ ಕಲಿಯಬೇಕು ಅಂತ ಆಸೆ ಇತ್ತು, ಅಷ್ಟೇ. ಜೊತೆಗೆ ಜ್ಯಾಂಗೊ ಹುಟ್ಟಿದ ಕಥೆ ನನಗೆ ಹಿಡಿಸಿತ್ತು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನೋ ಊರಿನಲ್ಲಿ, ಲಾರೆನ್ಸ್ ಜರ್ನಲ್-ವರ್ಲ್ಡ್ ಅನ್ನೋ ಪತ್ರಿಕೆಯ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಅಂತ ಇಬ್ಬರು 2003ರಲ್ಲಿ ಇದನ್ನು ಕಟ್ಟೋಕೆ ಶುರು ಮಾಡಿದರು. ಪತ್ರಿಕೆ ಅಂದಮೇಲೆ ಸಂಜೆಯೊಳಗೆ ಪುಟ ತಯಾರಾಗಬೇಕು, ನಾಳೆ ಅನ್ನೋ ಮಾತಿಲ್ಲ. ಪ್ರತಿ ಸಲವೂ ಮಾಡಲೇಬೇಕಾದ ಕೆಲಸಗಳನ್ನು ಒಂದು ಕಡೆ ಕಟ್ಟಿಟ್ಟುಕೊಂಡರು, 2005ರ ಜುಲೈನಲ್ಲಿ ಅದನ್ನು ಊರಿಗೆಲ್ಲ ಹಂಚಿದರು. ಜ್ಯಾಂಗೊ ರೈನ್‌ಹಾರ್ಟ್ ಅನ್ನೋ ಗಿಟಾರ್ ವಾದಕನ ಹೆಸರಿಟ್ಟರು. ಬೆಂಕಿಯಲ್ಲಿ ಎಡಗೈಯ ಎರಡು ಬೆರಳು ಸುಟ್ಟುಹೋದ ಮೇಲೂ ನುಡಿಸಿದ ಮನುಷ್ಯ. ಎಲ್ಲೋ ಒಂದು ಜಿಲ್ಲಾ ಪತ್ರಿಕೆಯಂಥ ಕಚೇರಿಯಲ್ಲಿ ಹುಟ್ಟಿದ್ದು ನಮ್ಮ ಸೊಸೈಟಿಗೂ ಆಗಿಬರಬಹುದು ಅನ್ನಿಸಿತು.

ಫ್ರೇಮ್‌ವರ್ಕ್ ಅಂದರೆ ಚೌಕಟ್ಟು ಅಂತ ಕನ್ನಡ ಮಾಡುತ್ತಾರೆ. ನನಗೆ ಚೌಕಟ್ಟು ಅಂದ ಕೂಡಲೇ ದೇವರ ಪಟ ನೆನಪಾಗುತ್ತೆ, ಕೆಲಸ ನೆನಪಾಗಲ್ಲ. ಲೈಬ್ರರಿಗೂ ಫ್ರೇಮ್‌ವರ್ಕಿಗೂ ಏನು ವ್ಯತ್ಯಾಸ ಅಂತ ಆ ಕಾಲೇಜು ಹುಡುಗರು ಕೇಳಿದಾಗ ನಾನು ಹೇಳಿದ್ದು ಮದುವೆ ಅಡುಗೆ. ಹಂಡೆ, ಕೊಳದಪ್ಪಲೆ ಬಾಡಿಗೆಗೆ ತಂದು ನೀವೇ ಅಡುಗೆ ಮಾಡಿದರೆ ಅದು ಲೈಬ್ರರಿ. ಯಾವಾಗ ಯಾವ ಪಾತ್ರೆ ಒಲೆಗೇರಬೇಕು ಅನ್ನೋದು ನಿಮ್ಮ ಇಷ್ಟ. ಅಡುಗೆ ಭಟ್ಟರನ್ನೇ ಕರೆಸಿದರೆ ಅದು ಫ್ರೇಮ್‌ವರ್ಕ್. ಬೆಳಗಿನ ಜಾವ ಒಲೆ ಹಚ್ಚೋದು, ಯಾವುದರ ಹಿಂದೆ ಯಾವುದು ಅನ್ನೋದು ಎಲ್ಲ ಅವರಿಗೆ ಬಿಟ್ಟದ್ದು. ಅವರೇ ನಮ್ಮನ್ನು ಕರೆದು "ಇಷ್ಟು ಕಾಯಿ ತುರಿದು ಕೊಡಿ, ಹುಳಿಗೆ ಯಾವ ತರಕಾರಿ ಹೇಳಿ" ಅನ್ನುತ್ತಾರೆ. ನಮ್ಮ ಮನೆಯ ರುಚಿ ಬರಬೇಕಾದ ಜಾಗದಲ್ಲಿ ಮಾತ್ರ ನಮ್ಮನ್ನು ಕೇಳುತ್ತಾರೆ. ಯಜಮಾನನಿಗೆ ಇದರಿಂದ ಸ್ವಲ್ಪ ಮುಖಭಂಗ ಆಗೋದೂ ನಿಜ.

ನನಗೂ ಆಯಿತು. ಆ ಮಳೆಗಾಲದ ಮೊದಲ ಒಂದೂವರೆ ತಿಂಗಳು ಜ್ಯಾಂಗೊ ಜೊತೆ ಬರೀ ಜಗಳ. ಪಿಎಚ್‌ಪಿಯಲ್ಲಿ ಅರ್ಧ ಗಂಟೆಗೆ ಬರೆಯುತ್ತಿದ್ದ ಪುಟಕ್ಕೆ ಎರಡು ದಿನ. ಫಾರ್ಮ್ ಕಳಿಸಿದರೆ 403 ಅಂತ ಬಾಗಿಲು ಹಾಕುತ್ತೆ. ಯಾಕಪ್ಪ ಅಂದರೆ ಆ ಫಾರ್ಮು ನಮ್ಮ ಪುಟದಿಂದಲೇ ಬಂದದ್ದು ಅನ್ನೋದಕ್ಕೆ ಗುರುತಿನ ಚೀಟಿ ಇಟ್ಟಿಲ್ಲವಂತೆ. ಬೇರೆ ಯಾವುದೋ ಜಾಲತಾಣದಲ್ಲಿ ಕೂತ ಕಳ್ಳ, ಗುಮಾಸ್ತರ ಬ್ರೌಸರಿನ ಮೂಲಕವೇ ನಮ್ಮ ಸೊಸೈಟಿಗೆ ಸುಳ್ಳು ಫಾರ್ಮ್ ಕಳಿಸಬಹುದು ಅನ್ನೋ ಯೋಚನೆಯೇ ನನಗೆ ಆರು ವರ್ಷದಲ್ಲಿ ಬಂದಿರಲಿಲ್ಲ. ಇದು ಮೊದಲ ದಿನವೇ ಆ ಬಾಗಿಲಿಗೆ ಚಿಲಕ ಹಾಕಿಟ್ಟಿತ್ತು. ನಾನು ಬೈದುಕೊಂಡೇ ಚೀಟಿ ಇಟ್ಟೆ.

ಆಗಸ್ಟಿನಲ್ಲಿ ಮಳೆ ಹೇಗೆ ಹೊಡೆಯಿತು ಅಂತ ಶಿವಮೊಗ್ಗದವರಿಗೆ ಹೇಳಬೇಕಾಗಿಲ್ಲ. ತುಂಗೆ ಊರೊಳಗೆ ಬಂದಿದ್ದ ವರ್ಷ ಅದು. ಕರೆಂಟು ಬಂದಾಗ ಲ್ಯಾಪ್‌ಟಾಪು, ಫೋನು, ಯುಪಿಎಸ್ಸು ಎಲ್ಲ ಒಟ್ಟಿಗೆ ಚಾರ್ಜಿಗೆ ಹಾಕಿ, ಹೋದಾಗ ಆ ಬ್ಯಾಟರಿಯಲ್ಲಿ ಜ್ಯಾಂಗೊದ ದಾಖಲೆಗಳನ್ನು ಓದುತ್ತಾ ಕೂತೆ. ಇಂಟರ್ನೆಟ್ ಇಲ್ಲದಾಗ ಓದೋಕೆ ಇಡೀ ದಾಖಲೆಯನ್ನು ಇಳಿಸಿಕೊಳ್ಳಬಹುದಿತ್ತು. ಈ ಫ್ರೇಮ್‌ವರ್ಕಿನಿಂದ ನನಗಾದ ಮೊದಲ ಲಾಭ ಅದೇ ಅನ್ನಬೇಕು. ನನ್ನ ಹಳೇ ಪ್ರೋಗ್ರಾಮಿಗೆ ಒಂದು ಸಾಲಿನ ದಾಖಲೆಯೂ ಇರಲಿಲ್ಲ. ಇಲ್ಲಿ ಮುಕ್ಕಾಲು ಪ್ರೋಗ್ರಾಮಿಗೆ ದಾಖಲೆಯನ್ನು ಯಾರೋ ಮೊದಲೇ ಬರೆದಿಟ್ಟಿದ್ದರು, ಯಾಕೆಂದರೆ ಆ ಮುಕ್ಕಾಲು ನಾನು ಬರೆದದ್ದಲ್ಲ.

ಆ ಓದಿನಲ್ಲಿ ನನ್ನ ಹಳೇ ಗಾಯಗಳೆಲ್ಲ ಒಂದೊಂದಾಗಿ ಎದುರಾದವು. ಡಿಸೋಜರ ಕೊಕ್ಕೆ? ಇಲ್ಲಿ ಹೆಸರು ಬೇರೆ, ಆಜ್ಞೆ ಬೇರೆಯಾಗಿ ಡೇಟಾಬೇಸಿಗೆ ಹೋಗುತ್ತೆ, ಕೊಕ್ಕೆ ಇದ್ದರೂ ಅದು ಬರೀ ಕೊಕ್ಕೆ. ದುಡ್ಡಿಗೆ ಡೆಸಿಮಲ್ ಅನ್ನೋ ಜಾಗ ಬೇರೆಯೇ ಇದೆ. ಎಷ್ಟು ಅಂಕಿ, ಚುಕ್ಕಿ ಆದಮೇಲೆ ಎಷ್ಟು ಅಂತ ಹೇಳದೇ ಇದ್ದರೆ ಮುಂದಕ್ಕೇ ಬಿಡಲ್ಲ. 4417ರ ವಿಷಯದಲ್ಲಿ ಮಾತ್ರ ನಿಜ ಹೇಳಬೇಕು, ಜ್ಯಾಂಗೊ ತಾನಾಗಿ ಅದನ್ನು ಸರಿ ಮಾಡಲಿಲ್ಲ. ಹಳೇ ಬುದ್ಧಿಯಲ್ಲಿ ಬರೆದಿದ್ದರೆ ಇಲ್ಲೂ ಅದೇ ತಪ್ಪು ಆಗುತ್ತಿತ್ತು. ಆದರೆ ಒಂದು ಸಾಲಿಗೆ ಬೀಗ ಹಾಕಿ, ಒಬ್ಬರು ನಂಬರ್ ತಗೊಂಡು ಮುಗಿಸೋವರೆಗೆ ಇನ್ನೊಬ್ಬರನ್ನು ಕಾಯಿಸೋ ಸಾಮಾನು ಕೈಗೆಟುಕುವ ಹಾಗೆ ಇತ್ತು. ವರ್ಷಕ್ಕೊಂದು ನಂಬರಿನ ಸಾಲು ಮಾಡಿ ಅದಕ್ಕೆ ಬೀಗ ಹಾಕಿದೆ. ಮೇಲಿಂದ, ಒಂದೇ ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಕೂಡದು ಅಂತ ಡೇಟಾಬೇಸಿಗೇ ಕಟ್ಟು ಹಾಕಿಸಿದೆ.

ಪಾಸ್‌ವರ್ಡಿನ ವಿಷಯ ಅಪ್ಪಯ್ಯನಿಗೆ ವಿವರಿಸೋಕೆ ಹೋಗಿ ನನಗೇ ಚೆನ್ನಾಗಿ ಅರ್ಥವಾಯಿತು. ಹಳೇದರಲ್ಲಿ ಪಾಸ್‌ವರ್ಡುಗಳನ್ನು ಮುಚ್ಚಿಡೋಕೆ ನಾನೇ ಒಂದು ಗುಟ್ಟಿನ ಲೆಕ್ಕ ಕಂಡುಹಿಡಿದಿದ್ದೆ: ಅಕ್ಷರ ತಿರುಗಿಸಿ, ಊರಿನ ಪಿನ್‌ಕೋಡ್ ಸೇರಿಸಿ, ಎಂಡಿ5 ಅನ್ನೋ ಹಳೇ ವಿಧಾನದಲ್ಲಿ ಅರೆಯೋದು. ತೀರ್ಥಹಳ್ಳಿ ಕಡೆ ತೋಟ ಇರೋ ಯಾರನ್ನಾದರೂ ಕೇಳಿ, ಕೊಳೆ ರೋಗಕ್ಕೆ ಏನು ಹೊಡೀತೀರಿ ಅಂತ. ಬೋರ್ಡೋ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅಕ್ಕಪಕ್ಕದ ತೋಟದವರು ಬೇರೆ ಎಲ್ಲದಕ್ಕೂ ಜಗಳ ಆಡಿದರೂ ಈ ಅಳತೆಗೆ ಆಡಲ್ಲ. ನಂದೇ ಒಂದು ಔಷಧಿ ಮಾಡ್ತೀನಿ ಅಂತ ಹೊರಟವನ ತೋಟದಲ್ಲಿ ಆಗಸ್ಟಿಗೆ ಕಾಯಿ ಉದುರುತ್ತೆ. ಪಾಸ್‌ವರ್ಡಿಗೂ ಹಾಗೇ, ಜ್ಯಾಂಗೊದಲ್ಲಿ ಪಿಬಿಕೆಡಿಎಫ್2 ಅನ್ನೋ ವಿಧಾನ ಮೊದಲೇ ಇಟ್ಟಿದ್ದಾರೆ. ಒಬ್ಬೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಉಪ್ಪು, ಅಂದರೆ ಮನಸ್ಸಿಗೆ ಬಂದ ಹಾಗಿರೋ ಕೆಲವು ಅಕ್ಷರ, ಹಾಕಿ, ಲಕ್ಷಕ್ಕೂ ಮೀರಿ ಸಲ ಅರೆಯೋ ವಿಧಾನ. ಹೊಸ ಆವೃತ್ತಿಗಳಲ್ಲಿ ಅರೆಯೋ ಲೆಕ್ಕ ಏರಿಸುತ್ತಾ ಹೋಗುತ್ತಾರೆ. ಗುಮಾಸ್ತರು ಲಾಗಿನ್ ಆದಾಗ ಅವರ ಹಳೇ ಪಾಸ್‌ವರ್ಡು ತಾನಾಗೇ ಹೊಸ ಲೆಕ್ಕಕ್ಕೆ ಬದಲಾಗುತ್ತೆ. ಅಪ್ಪಯ್ಯ ಎಲ್ಲ ಕೇಳಿ, "ಹಂಗಾರೆ ಇಷ್ಟು ವರ್ಷ ನೀನು ಸುಣ್ಣ ಹಾಕದೇ ಹೊಡೀತಿದ್ದೆ" ಅಂದರು.

ಸೆಪ್ಟೆಂಬರಿನಲ್ಲಿ ಮೊದಲ ಸಲ ಕಾರ್ಯದರ್ಶಿಗಳಿಗೆ ತೋರಿಸಿದೆ. ಜ್ಯಾಂಗೊದಲ್ಲಿ ಅಡ್ಮಿನ್ ಅಂತ ಒಂದಿದೆ: ಸದಸ್ಯ ಅಂದರೆ ಏನು, ಲಾಟ್ (ಒಬ್ಬರು ಒಂದು ಸಲಕ್ಕೆ ಇಳಿಸಿದ ಚೀಲಗಳು) ಅಂದರೆ ಏನು ಅಂತ ಮಾಡೆಲ್ ಅನ್ನೋ ವಿವರಣೆಯಲ್ಲಿ ಬರೆದರೆ, ಅವನ್ನು ಸೇರಿಸೋ, ತಿದ್ದೋ, ಹುಡುಕೋ ಪುಟಗಳನ್ನು ಅದೇ ಕಟ್ಟಿಕೊಡುತ್ತೆ. ಕಾರ್ಯದರ್ಶಿಗಳಿಗೆ ಹಿಡಿಸಿದ್ದು ಅದರಲ್ಲಿನ 'ಇತಿಹಾಸ'ದ ಬಟನ್. ಯಾವ ಗುಮಾಸ್ತ ಯಾವ ದಿನ ಏನು ತಿದ್ದಿದ ಅನ್ನೋದು ಒಂದರ ಕೆಳಗೊಂದು ಕಾಣುತ್ತೆ. ಅವರು ಕನ್ನಡಕ ಮೇಲೇರಿಸಿ ಹತ್ತು ನಿಮಿಷ ಅದನ್ನೇ ನೋಡಿದರು. "ಇದೊಂದಕ್ಕೇ ದುಡ್ಡು ಕೊಡಬಹುದು ತಮ್ಮಾ" ಅಂದರು. ನಾನು ರಾತ್ರಿ ನಿದ್ದೆಗೆಟ್ಟು ಬರೆದ ಟೆಂಡರ್ ಪುಟದ ಕಡೆ ತಿರುಗಿಯೂ ನೋಡಲಿಲ್ಲ.

ಬೇಜಾರುಗಳೂ ಇವೆ, ಮುಚ್ಚಿಡಲ್ಲ. ಆ ವರ್ಷದ ಸುಗ್ಗಿಯ ಮೊದಲ ವಾರವೇ ಸದಸ್ಯರ ಬಾಕಿ ಪುಟ ತೆರೆಯೋಕೆ 40 ಸೆಕೆಂಡ್ ತಗೊಳ್ಳುತ್ತಿತ್ತು. ನೋಡಿದರೆ 1,840 ಸದಸ್ಯರ ಪಟ್ಟಿಗೆ ಒಂದು ಸಲ, ಆಮೇಲೆ ಒಬ್ಬೊಬ್ಬರ ಊರಿನ ಹೆಸರಿಗೂ ಒಂದೊಂದು ಸಲ, ಒಟ್ಟು 1,841 ಸಲ ಡೇಟಾಬೇಸಿಗೆ ಓಡಾಟ. ಎಸ್‌ಕ್ಯೂಎಲ್ ಕೈಯಾರೆ ಬರೆದಿದ್ದರೆ ಇಂಥದ್ದು ಕಣ್ಣಿಗೆ ಹೊಡೆಯುತ್ತಿತ್ತು. ಫ್ರೇಮ್‌ವರ್ಕ್ ಅದನ್ನು ಮರೆಮಾಡಿ ನನ್ನನ್ನು ಸೋಮಾರಿ ಮಾಡಿತ್ತು. ಊರನ್ನೂ ಜೊತೆಗೇ ತಗೊಂಡು ಬಾ ಅಂತ ಒಂದು ಪದ ಸೇರಿಸಿದ ಮೇಲೆ ಒಂದು ಸೆಕೆಂಡಿಗೂ ಮೊದಲೇ ಪುಟ ಬಂತು. ಒಳಗೆ ಏನಾಗುತ್ತೆ ಅಂತ ಗೊತ್ತಿಲ್ಲದೆ ಫ್ರೇಮ್‌ವರ್ಕ್ ಬಳಸೋರು ಇಲ್ಲೇ ಮುಗ್ಗರಿಸೋದು. ಆ ಕಾಲೇಜು ಹುಡುಗ ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ: ಒಂದು ಸಲ ಎಲ್ಲ ನಾವೇ ಬರೆದು ನೋಡಬೇಕು. ಆದರೆ ಅದನ್ನು ಸೊಸೈಟಿಯ ದುಡ್ಡಿನ ಮೇಲೆ ಮಾಡಬಾರದು.

ಆವೃತ್ತಿ ಬದಲಾಯಿಸೋದೂ ಒಂದು ಕೆಲಸವೇ. ನಾನು ಹಿಡಿದಿದ್ದು 2019ರ ಏಪ್ರಿಲ್‌ನಲ್ಲಿ ಬಂದ 2.2. ದೀರ್ಘ ಕಾಲ ನೋಡಿಕೊಳ್ಳುತ್ತೇವೆ ಅಂತ ಅವರು ಹೇಳೋ ಆವೃತ್ತಿಗಳಿಗೆ ಮೂರು ವರ್ಷ ತಿದ್ದುಪಡಿ ಬರುತ್ತೆ. ಹಾಗಾಗಿ ಮಳೆಗಾಲದಲ್ಲಿ, ಸೊಸೈಟಿಯಲ್ಲಿ ನೊಣ ಹೊಡೆಯೋ ಹೊತ್ತಿನಲ್ಲಿ, 2021ರಲ್ಲಿ 3.2ಕ್ಕೂ 2023ರಲ್ಲಿ 4.2ಕ್ಕೂ ಏರಿಸಿದೆ. ಯಾವುದನ್ನಾದರೂ ಕಿತ್ತುಹಾಕುವ ಮೊದಲು, ಎಚ್ಚರಿಕೆ ತೋರಿಸು ಅಂತ ಹೇಳಿ ಪ್ರೋಗ್ರಾಮ್ ಓಡಿಸಿದರೆ 'ಇದು ಮುಂದೆ ಇರಲ್ಲ' ಅಂತ ಎಚ್ಚರಿಕೆ ಬರುತ್ತೆ. ಪಿಎಚ್‌ಪಿಯೂ 2013ರಲ್ಲಿ ಹೀಗೇ ಹೇಳಿತ್ತು, ನಾನು ಆ ಎಚ್ಚರಿಕೆಗಳನ್ನು ಕಾಣದ ಹಾಗೆ ಮಾಡಿಟ್ಟಿದ್ದೆ. ಈಗ ಕಾಣೋ ಹಾಗೆ ಮಾಡಿಟ್ಟಿದ್ದೇನೆ.

ಇಷ್ಟೆಲ್ಲ ಹೇಳಿದರೂ ಇವು ಯಾವುವೂ ಆ ಕಾಲೇಜು ಹುಡುಗನಿಗೆ ಹೇಳಬೇಕಿದ್ದ ಉತ್ತರ ಅಲ್ಲ. ಉತ್ತರ ನನಗೆ ಸಿಕ್ಕಿದ್ದು 2022ರಲ್ಲಿ ಸಾಗರದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದ ದಿನ. ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತು ಜ್ಯಾಂಗೊ ಕಲಿತಿದ್ದಳು. ಅಡಿಕೆ ಸೊಸೈಟಿ ಅಂದರೆ ಏನು ಅಂತ ಹೇಳಬೇಕಾಗಿರಲಿಲ್ಲ, ಮನೆಯಲ್ಲೇ ತೋಟ ಇದೆ. ನಾನು ಭದ್ರಾವತಿ ಹುಡುಗನಿಗೆ ಹೇಳಿದ ಹಾಗೇ ಪುರಾಣ ಹೇಳೋಕೆ ಕುರ್ಚಿ ಎಳೆದು ಕೂತೆ. ಅವಳು ಆಗಲೇ ಮಾಡೆಲ್ಸ್ ಫೈಲ್ ತೆರೆದು ಓದುತ್ತಿದ್ದಳು. "ಲಾಟಿಗೆ ಸದಸ್ಯರು ಒಬ್ಬರೇ ಅಲ್ವಾ ಸರ್? ಜಂಟಿ ಖಾತೆಯವರದ್ದು?" ಅಂತ ಕೇಳಿದಳು. ಬಂದು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಯಾವ ವಿಳಾಸ ಒತ್ತಿದರೆ ಯಾವ ಪುಟ ಅಂತ ಒಂದು ಕಡೆ, ಡೇಟಾ ಹೇಗಿದೆ ಅಂತ ಒಂದು ಕಡೆ, ಪುಟದ ರೂಪ ಇನ್ನೊಂದು ಕಡೆ. ಎಲ್ಲಿದೆ ಅಂತ ನನ್ನನ್ನು ಕೇಳಬೇಕಾಗಿರಲಿಲ್ಲ. ಅವಳಿಗೆ ಬೇಕಾದದ್ದು ಯಾಕೆ ಅನ್ನೋದು ಮಾತ್ರ. ಸಂಜೆಯೊಳಗೆ ಜಂಟಿ ಖಾತೆಯ ತಪ್ಪೊಂದನ್ನು ಸರಿ ಮಾಡಿ ಹೋದಳು. ನನಗೆ ಸ್ವಲ್ಪ ಕಸಿವಿಸಿಯೂ ಆಯಿತು. ಇಷ್ಟು ವರ್ಷ ನಾನು ಮಾತ್ರ ಅರಿತ ಕಾಡಿಗೆ ಯಾರೋ ರಸ್ತೆ ಹಾಕಿದ ಹಾಗೆ.

ಬರೆಯುವಾಗ ನನಗೆ ಬೇಗ ಆಗಲಿಲ್ಲ. ಇನ್ನೊಬ್ಬರು ಓದುವಾಗ ಬೇಗ ಆಯಿತು. ಅಷ್ಟೇ ವಿಷಯ.

2023ರ ಡಿಸೆಂಬರಿನಲ್ಲಿ ಅಪ್ಪಯ್ಯ ಚಪ್ಪರಕ್ಕೆ ಹಾಕಿದ್ದ ಏಣಿಯಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಣಿಪಾಲದಲ್ಲಿ ಆಪರೇಷನ್ ಮಾಡಿಸಿ ಊರಿಗೆ ಕರೆತಂದೆವು. ಅಡಿಕೆ ಗೊನೆಗಳನ್ನು ಇಳಿಸೋ ಕೊನೆ ಕೊಯ್ಲು ಅರ್ಧಕ್ಕೆ ನಿಂತಿತ್ತು. ಮರ ಹತ್ತಿ ಕೊಯ್ಯೋ ಕೊನೆಗಾರರು ಸಿಗೋದೇ ಕಷ್ಟ, ಸಿಕ್ಕ ದಿನ ಬಿಡುವಂತಿಲ್ಲ. ಸುಲಿಯೋದು, ಬೇಯಿಸೋದು, ಒಣಗಿಸೋದು ಎಲ್ಲ ನಾನೂ ಅಮ್ಮನೂ ನೋಡಿಕೊಳ್ಳಬೇಕಾಯಿತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಿಂದಿನ ಗುಡ್ಡದ ನೆತ್ತಿಗೆ ಹತ್ತಿದರೆ ಎರಡು ಕಡ್ಡಿ ಸಿಗುತ್ತೆ, ಅದೂ ಮಂಜು ಇಲ್ಲದಿದ್ದರೆ. ಹನ್ನೊಂದು ದಿನ ಹತ್ತೋಕಾಗಲಿಲ್ಲ.

ಹನ್ನೆರಡನೇ ದಿನ ಸಂಜೆ ಹತ್ತಿದೆ. ಫೋನು ಒಂದು ನಿಮಿಷ ಬಿಡದೆ ಕುಯ್ಯೋ ಅಂತು. ಆ ನಡುವೆ ಸೊಸೈಟಿಯ ಆಡಳಿತ ಮಂಡಳಿಯವರು ಮುಂಗಡದ ನಿಯಮ ಬದಲಾಯಿಸಿದ್ದರು. ಮೊದಲು ಎಲ್ಲ ಅಡಿಕೆಗೂ ಅಂದಾಜು ಬೆಲೆಯ ಶೇಕಡಾ 60 ಇತ್ತು. ಇನ್ನು ಮೇಲೆ ರಾಶಿಗೆ ಒಂದು, ಬೆಟ್ಟೆಗೆ ಒಂದು, ಗೊರಬಲಿಗೆ ಇನ್ನೊಂದು. ಸುಗ್ಗಿ ನಡುವೆ, ಸೋಮವಾರದಿಂದಲೇ ಜಾರಿ. ಹಳೇ ಪ್ರೋಗ್ರಾಮಾಗಿದ್ದರೆ ನಾನು ಅಪ್ಪಯ್ಯನನ್ನು ಬಿಟ್ಟು ಶಿವಮೊಗ್ಗಕ್ಕೆ ಓಡಬೇಕಿತ್ತು.

ಸಾಗರದ ಹುಡುಗಿಯ ಮೆಸೇಜುಗಳನ್ನು ಮೊದಲಿಂದ ಓದಿದೆ. ಅಡಿಕೆ ಜಾತಿಯ ಮಾಡೆಲ್ಲಿಗೆ ಮುಂಗಡದ ಶೇಕಡಾ ಅಂತ ಒಂದು ಜಾಗ ಸೇರಿಸಿ, ಡೇಟಾಬೇಸನ್ನೂ ಅದಕ್ಕೆ ತಕ್ಕ ಹಾಗೆ ಬದಲಾಯಿಸೋ ಮೈಗ್ರೇಷನ್ ಬರೆದು, ಮೊದಲು ಪ್ರತಿ ತೆಗೆದ ಡೇಟಾಬೇಸಿನ ಮೇಲೆ ಓಡಿಸಿ ನೋಡಿದ್ದಾಳೆ. ಆಮೇಲೆ ಅವಳಿಗೆ ಹೊಳೆದಿದೆ, ಮುಂದೆ ಇನ್ನೊಮ್ಮೆ ಶೇಕಡಾ ಬದಲಾದರೆ ಹಳೇ ಲಾಟುಗಳ ಲೆಕ್ಕವೂ ಬದಲಾಗಿಬಿಡುತ್ತೆ ಅಂತ. ಹಾಗಾಗಿ ಚೀಲ ಇಳಿಸಿದ ದಿನ ಎಷ್ಟಿತ್ತೋ ಅದನ್ನು ಲಾಟಿನಲ್ಲೇ ಬರೆದಿಡೋ ಹಾಗೆ ಮಾಡಿ, ಹಿಂದಿನ ಎಲ್ಲ ಲಾಟುಗಳಿಗೂ 60 ತುಂಬೋಕೆ ಎರಡನೇ ಮೈಗ್ರೇಷನ್ ಬರೆದಿದ್ದಾಳೆ. ಇದು ನನಗೆ ಹೊಳೆಯುತ್ತಿತ್ತೋ ಇಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ಮೊದಲ ಮೆಸೇಜು: "ಸರ್, ಹಳೇ ಲಾಟಿಗೆಲ್ಲ 60 ಹಾಕ್ತಿದೀನಿ. ಓಕೆನಾ?" ಮೂರು ಗಂಟೆ ಬಿಟ್ಟು: "ಸರ್?" ಸಂಜೆ: "ಟೆಸ್ಟ್ ಎಲ್ಲಾ ಪಾಸಾಯ್ತು ಸರ್. ಕಾರ್ಯದರ್ಶಿಗಳಿಗೆ ಹತ್ತು ಲಾಟು ತೋರಿಸಿದೆ, ಕೈಯಲ್ಲಿ ಲೆಕ್ಕ ಹಾಕಿ ಸರಿ ಅಂದ್ರು. ಹಾಕಿಬಿಟ್ಟೆ." ಅದು ಎಂಟು ದಿನದ ಹಿಂದಿನ ಮಾತು. ಕಾರ್ಯದರ್ಶಿಗಳ ಕಡೆಯಿಂದ ಒಂದೇ ಒಂದು ಮೆಸೇಜು ಇತ್ತು. ಅಪ್ಪಯ್ಯ ಹೇಗಿದಾರೆ ಅಂತ ಕೇಳಿದ್ದರು.

"ಓಕೆ" ಅಂತ ಅವಳಿಗೆ ಟೈಪ್ ಮಾಡಿ ಒತ್ತಿದೆ. ಕಡ್ಡಿ ಹೋಗಿತ್ತು, ಗಡಿಯಾರದ ಗುರುತು ಸುಮ್ಮನೆ ಕೂತಿತು. ಕೆಳಗಿಂದ ಅಮ್ಮ ಕೂಗುತ್ತಿದ್ದರು, ಇಬ್ಬನಿ ಬೀಳೋಕೆ ಮೊದಲು ಚಪ್ಪರದ ಮೇಲಿನ ಅಡಿಕೆಗೆ ಮುಚ್ಚಿಗೆ ಎಳೀಬೇಕಿತ್ತು. ಫೋನ್ ಕಿಸೆಗೆ ಹಾಕಿ ಇಳಿದೆ.